ಮುಷ್ಕರವೂ ಸದಸ್ಯರ ಮತವೂ: ಅಹಮದಾಬಾದಿನ ನಿದರ್ಶನ

ಮುಷ್ಕರ ಹೂಡುವ ಮುನ್ನ ಕಾರ್ಮಿಕ ಸಂಘವು ತನ್ನ ಸದಸ್ಯರೆಲ್ಲರ ಮತವನ್ನು ಪಡೆಯಬೇಕೆ, ಅಥವಾ ಮುಖಂಡರ ನಿರ್ಣಯವೇ ಸಾಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಮಣಿನಗರದ ಆಸುಪಾಸಿನಲ್ಲಿ ಒಂದು ಕಾಲಕ್ಕೆ ಹಗಲಿರುಳೂ ದುಡಿಯುತ್ತಿದ್ದ ಗಿರಣಿಗಳ ಇತಿಹಾಸದಲ್ಲಿ ಇದಕ್ಕೆ ಎರಡು ಉತ್ತರಗಳು ದೊರೆಯುತ್ತವೆ.

ಮೊದಲನೆಯದು 1918ರದು. ಪ್ಲೇಗಿನ ದಿನಗಳಲ್ಲಿ ಕೆಲಸಗಾರರು ಊರು ಬಿಡದಿರಲೆಂದು ಕೊಡುತ್ತಿದ್ದ ಬೋನಸನ್ನು ಮಾಲೀಕರು ನಿಲ್ಲಿಸಿದರು. ಬೆಲೆಗಳು ಏರಿದ್ದುದರಿಂದ ನೇಯ್ಗೆಯವರು ಕೂಲಿಯ ಹೆಚ್ಚಳವನ್ನು ಬೇಡಿದರು. ಶೇಕಡಾ 35 ನ್ಯಾಯವೆಂದು ಗಾಂಧೀಜಿಯವರು ನಿರ್ಣಯಿಸಿದರು. ಮಾಲೀಕರು 20ಕ್ಕೆ ಪಟ್ಟುಹಿಡಿದು ಫೆಬ್ರವರಿ 22ರಂದು ಬೀಗಮುದ್ರೆ ಹೂಡಿದರು. ಮಾಲೀಕರಿಗೆ ಅಂಬಾಲಾಲ್ ಸಾರಾಭಾಯಿ ಮುಖಂಡರಾದರೆ, ಅವರ ಅಕ್ಕ ಅನಸೂಯಾಬೆನ್ ಕಾರ್ಮಿಕರ ಪಕ್ಷದಲ್ಲಿದ್ದರು. ಸಾಬರಮತಿಯ ದಡದಲ್ಲಿ, ಜಾಲಿಯ ಮರದಡಿ ನೆರೆದ ಕಾರ್ಮಿಕರು 35 ದೊರೆಯದೆ ಕೆಲಸಕ್ಕೆ ಮರಳೆವೆಂದು ಪ್ರತಿಜ್ಞೆಗೈದರು. ಮಾರ್ಚ್ 12ರಂದು ಮಾಲೀಕರು, 20ಕ್ಕೆ ಒಪ್ಪುವವರು ಬರಬಹುದೆಂದು ಬಾಗಿಲು ತೆರೆದರು. ಹಸಿದವರ ನಿಶ್ಚಯ ಸಡಿಲತೊಡಗಿತು. ಪ್ರತಿಜ್ಞೆಯನ್ನು ಉಳಿಸಲು ಗಾಂಧೀಜಿಯವರು 15ರಂದು ಉಪವಾಸವನ್ನಾರಂಭಿಸಿದರು, 18ರಂದು ಒಪ್ಪಂದವಾಯಿತು. ಪಂಚರಾದ ಆನಂದಶಂಕರ ಧ್ರುವರು ಕೊನೆಗೆ 35ನ್ನೇ ವಿಧಿಸಿದರು.

ಜಯ ದೊರೆತದ್ದು ನಿಜ. ಆದರೂ ಹತ್ತು ಜನರೆದುರು ಮಾಡಿದ ಪ್ರತಿಜ್ಞೆಯು ಒಗ್ಗಟ್ಟನ್ನು ಕಟ್ಟಬಲ್ಲುದು, ಅದರ ಬಲವನ್ನು ಅಳೆಯಲಾರದು. ಸಂದೇಹವುಳ್ಳವನು ನೆರೆಯವನ ಮುಖ ನೋಡಿ ಸುಮ್ಮನಾಗುತ್ತಾನೆ. ಅವನ ಮನಸ್ಸು ಬಯಲಾಗುವುದು ಮನೆಯಲ್ಲಿ ಹಿಟ್ಟು ಮುಗಿದ ದಿನ.

ಎರಡನೆಯ ಉತ್ತರ 1946ರ ಮುಂಬಯಿ ಔದ್ಯೋಗಿಕ ಸಂಬಂಧಗಳ ಕಾನೂನಿನದು. ಅಹಮದಾಬಾದು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ‘ಅನುಮೋದಿತ ಸಂಘ’ವೆನಿಸಬೇಕಾದರೆ, ಸಂಧಾನದ ಮಾರ್ಗಗಳೆಲ್ಲ ಮುಗಿದು, ಬಹುಸಂಖ್ಯಾತ ಸದಸ್ಯರು ಮತಪತ್ರದ ಮೂಲಕ ಒಪ್ಪದ ಹೊರತು ಮುಷ್ಕರ ಕೂಡದೆಂಬ ನಿಯಮವನ್ನು ಸಂಘವು ಹೊಂದಿರಬೇಕಿತ್ತು. ಬ್ರಿಟನ್ನಿನ ಶಾಸನವು ಗುಪ್ತ ಮತದಾನವನ್ನು ಕೇಳಿದ್ದು 1984ರಲ್ಲಿ. ಅಖಿಲ ಭಾರತದ ಕಾನೂನಾದರೋ ಈ ವಿಷಯದಲ್ಲಿ ಮೌನವಾಗಿದೆ. 1926ರ ಕಾರ್ಮಿಕ ಸಂಘಗಳ ಕಾನೂನು ಇದನ್ನು ಬೇಡಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯು 14 ದಿನಗಳ ಮುನ್ಸೂಚನೆಯನ್ನು ಕೇಳುತ್ತದೆಯೇ ಹೊರತು ಸದಸ್ಯರ ಮತವನ್ನು ಕೇಳುವುದಿಲ್ಲ.

ಮತದಾನವನ್ನು ಒಲ್ಲದವರ ಆಕ್ಷೇಪವೂ ಗಟ್ಟಿಯಾದುದೇ. ಮತವೆಣಿಸುವಷ್ಟರಲ್ಲಿ ಸಮಯ ಮೀರುತ್ತದೆ. ಎಣಿಕೆಯ ಸಣ್ಣ ಲೋಪವೂ ಮಾಲೀಕನಿಗೆ ನ್ಯಾಯಾಲಯದಲ್ಲಿ ಆಯುಧವಾಗುತ್ತದೆ. 2016ರ ಬ್ರಿಟಿಷ್ ಶಾಸನವು ಅರ್ಧದಷ್ಟು ಸದಸ್ಯರಾದರೂ ಮತ ನೀಡಲೇಬೇಕೆಂದು ವಿಧಿಸಿದಾಗ, ಮನೆಯಲ್ಲುಳಿದವನ ಮೌನವೇ ಮುಷ್ಕರವನ್ನು ತಡೆಯುವಂತಾಯಿತು.

ಆದುದರಿಂದ ಮತದಾನವು ಮಾಲೀಕನ ಕೈಯ ತಡೆಗೋಲಾಗದೆ ಸಂಘದ ಸ್ವಂತ ನಿಯಮವಾಗಿರುವುದು ಲೇಸು. ಮುಷ್ಕರಕ್ಕೆ ಹೇಗೋ ಹಾಗೆ, ಅದನ್ನು ಮುಗಿಸುವ ಒಪ್ಪಂದಕ್ಕೂ ಸದಸ್ಯರ ಮತ ಬೇಕು. ಕೂಲಿಯನ್ನು ಕಳೆದುಕೊಳ್ಳುವವನು ಸದಸ್ಯನೇ. ಕಳೆದುಕೊಳ್ಳುವ ಮೊದಲು ಅವನನ್ನು ಕೇಳಿದ ಸಂಘವು ಕಷ್ಟದ ಮೂರನೆಯ ವಾರದಲ್ಲಿಯೂ ಅವನನ್ನು ತನ್ನೊಡನೆ ಕಾಣುವ ಸಂಭವ ಹೆಚ್ಚು.