ಸಹಪಾಲಿಮರೀಕರಣದಲ್ಲಿ ದ್ರಾವಕದ ಪ್ರಭಾವ

ಮೆಥಾಕ್ರಿಲಿಕ್ ಆಮ್ಲವು ಜಲಾಕರ್ಷಕ, ಸ್ಟೈರೀನು ಜಲವಿಕರ್ಷಕ. ಇವೆರಡೂ ಒಂದೇ ಸರಪಳಿಯಲ್ಲಿ ಬೆಸೆಯುವಾಗ ಯಾವುದು ಎಷ್ಟು ಸೇರುವುದೆಂಬುದನ್ನು ಮೇಯೋ ಮತ್ತು ಲೂಯಿಸರ 1944ರ ಸಮೀಕರಣವು ತಿಳಿಸುತ್ತದೆ. ಅದರಲ್ಲಿ ದ್ರಾವಕಕ್ಕೆ ಸ್ಥಾನವೇ ಇಲ್ಲ. ಆದರೂ ದ್ರಾವಕ ಬದಲಾದಂತೆ ಕ್ರಿಯಾಶೀಲತಾ ಅನುಪಾತಗಳು ಬದಲಾಗುವುವು. ಆದುದರಿಂದ ಕೋಷ್ಟಕದ ಅಂಕಿಗಳನ್ನು ದ್ರಾವಕದ ಹೆಸರಿಲ್ಲದೆ ಬಳಸುವುದು ಅಪಾಯಕರ. ಕಾರಣವೇನು? ಟಾಲೀನಿನಂತಹ ದ್ರಾವಕದಲ್ಲಿ ಆಮ್ಲದ ಅಣುಗಳು ಜಲಜನಕ ಬಂಧಗಳಿಂದ ಜೋಡಿಗೂಡುತ್ತವೆ. ಡೈಮೀಥೈಲ್ ಫಾರ್ಮಮೈಡು ಆಮ್ಲದೊಡನೆ ತಾನೇ ಬಂಧವೇರ್ಪಡಿಸಿಕೊಂಡು ಆ ಜೋಡಿಗಳನ್ನು ಬಿಡಿಸುತ್ತದೆ. ಇದರಿಂದ ರಾಡಿಕಲ್ಲಿನ ಸ್ವಭಾವವೇ ಮಾರ್ಪಡುವುದೆಂದು ಊಹಿಸುವುದು ಸುಲಭ. ಆದರೆ ಸಂಯೋಜನೆ ಸಮವಾಗಿರುವ ಇಂತಹ ಸಹಪಾಲಿಮರುಗಳಲ್ಲಿ, ದ್ರಾವಕ ಯಾವುದೇ ಇರಲಿ, ಘಟಕಗಳ ಅನುಕ್ರಮವೂ ಸಮವಾಗಿರುವುದನ್ನು ಹಾರ್ವುಡ್ 1987ರಲ್ಲಿ ತೋರಿಸಿದರು. ಬೆಳೆಯುವ ಸರಪಳಿಯು ತನಗೆ ಒಗ್ಗುವ ಮಾನೊಮರನ್ನು ತನ್ನ ಸುತ್ತ ಹೆಚ್ಚಾಗಿ ಕೂಡಿಸಿಕೊಳ್ಳುತ್ತದೆ; ಅಲ್ಲಿನ ಸಾಂದ್ರತೆಯು ನಾವು ಪಾತ್ರೆಗೆ ಅಳೆದು ಹಾಕಿದ ಸಾಂದ್ರತೆಯಲ್ಲ. ಇದನ್ನೇ ಅವರು ‘ಬೂಟ್‌ಸ್ಟ್ರ್ಯಾಪ್ ಪರಿಣಾಮ’ವೆಂದು ಕರೆದರು.