ಶರೀರದ ಸ್ಮೃತಿ: ಪ್ರತಿಕಾಯಗಳೂ ಬಿ-ಜೀವಕೋಶಗಳೂ

ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳಲ್ಲಿ 1846ನೆಯ ಇಸವಿಯಲ್ಲಿ ದಡಾರವು ತಲೆದೋರಿತು. ಸುಮಾರು 7,800 ನಿವಾಸಿಗಳಲ್ಲಿ ಸುಮಾರು 6,000 ಮಂದಿ ರೋಗಗ್ರಸ್ತರಾದರು. ಡೆನ್ಮಾರ್ಕ್ ಸರಕಾರವು ಅಲ್ಲಿಗೆ ಕಳುಹಿಸಿದ್ದ ತರುಣ ವೈದ್ಯ ಪೀಟರ್ ಪಾನುಂ ಎಂಬವರು ಒಂದು ವಿಶೇಷವನ್ನು ಕಂಡರು. 1781ರಲ್ಲಿ ಇದೇ ರೋಗವನ್ನು ಅನುಭವಿಸಿ ಬದುಕಿದ್ದ ವೃದ್ಧರಲ್ಲಿ ಒಬ್ಬರಿಗೂ ಅದು ಮರುಕಳಿಸಲಿಲ್ಲ. ನಡುವಣ 65 ವರ್ಷಗಳಲ್ಲಿ ದಡಾರವು ಆ ದ್ವೀಪಗಳಲ್ಲಿ ಹಬ್ಬಿರಲಿಲ್ಲ. ಹಾಗಾದರೆ ಆ ರಕ್ಷೆಯು ಶರೀರದಲ್ಲಿ ಎಲ್ಲಿ, ಹೇಗೆ ನಿಂತಿತ್ತು?

1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿದ್ವಾಂಸರು, ಧನುರ್ವಾಯುವಿನ ವಿಷವನ್ನು ಜಯಿಸಿದ ಮೊಲದ ರಕ್ತರಸವನ್ನು ಇಲಿಗೆ ಚುಚ್ಚಿ, ಇಲಿಯೂ ಆ ವಿಷದಿಂದ ಪಾರಾಗುವುದನ್ನು ತೋರಿಸಿದರು. ರಕ್ತರಸದಲ್ಲಿದ್ದ ಆ ರಕ್ಷಕದ್ರವ್ಯವೇ ಪ್ರತಿಕಾಯ. ಇದು ಕವಲೊಡೆದ ಕೊಂಬೆಯ ಆಕಾರದ ಒಂದು ಪ್ರೋಟೀನು. ಅದರ ಕವಲುಗಳ ತುದಿಗಳು ನಿಯತವಾದ ಒಂದು ವಿಷಕ್ಕೆ ಇಲ್ಲವೆ ರೋಗಾಣುವಿನ ಒಂದು ಭಾಗಕ್ಕೆ, ಅಚ್ಚಿಗೆ ಎರಕದಂತೆ, ಹೊಂದಿಕೊಳ್ಳುತ್ತವೆ. ಹಾಗೆ ಹಿಡಿಯಲ್ಪಟ್ಟ ರೋಗಾಣುವು ಜೀವಕೋಶದೊಳಕ್ಕೆ ಹೊಗಲಾರದೆ ಭಕ್ಷಕ ಕೋಶಗಳಿಗೆ ಸುಲಭವಾಗಿ ತುತ್ತಾಗುವುದು. ಆದರೆ ರಕ್ತದಲ್ಲಿ ಪ್ರಧಾನವಾದ ಬಗೆಯ ಪ್ರತಿಕಾಯಗಳ ಅರ್ಧ ಪಾಲು ಸುಮಾರು ಮೂರು ವಾರಗಳಲ್ಲಿ ಕ್ಷಯಿಸುತ್ತದೆ. ಆದುದರಿಂದ 1781ರ ಪ್ರತಿಕಾಯಗಳೇ 1846ರಲ್ಲಿ ಕಾಪಾಡಿದುವೆನ್ನುವುದು ಯುಕ್ತವಲ್ಲ. ಅವುಗಳ ಮೂಲವು ಉಳಿದಿದ್ದಿರಬೇಕು.

ಆ ಮೂಲವೇ ಅಸ್ಥಿಮಜ್ಜೆಯಲ್ಲಿ ಹುಟ್ಟುವ ಬಿ-ಜೀವಕೋಶ. ಹುಟ್ಟುವಾಗಲೇ ವಂಶವಾಹಿಯ ತುಣುಕುಗಳು ಒಂದೊಂದು ಕೋಶದಲ್ಲಿ ಒಂದೊಂದು ಕ್ರಮದಿಂದ ಜೋಡಣೆಗೊಳ್ಳುವುವೆಂದು 1976ರಲ್ಲಿ ಸುಸುಮು ಟೊನೆಗಾವಾ ಅವರು ತೋರಿಸಿಕೊಟ್ಟರು. ಇದರಿಂದ ಪ್ರತಿಯೊಂದು ಕೋಶವೂ ತನ್ನದೇ ಆಕಾರದ ಪ್ರತಿಕಾಯವನ್ನು ಮೈಮೇಲೆ ಧರಿಸಿರುತ್ತದೆ. 1957ರಲ್ಲಿ ಬರ್ನೆಟ್ ಅವರು ಪ್ರತಿಪಾದಿಸಿದಂತೆ, ರೋಗಾಣುವು ಕೋಶಕ್ಕೆ ಹೊಸ ಆಕಾರವನ್ನು ಕಲಿಸುವುದಿಲ್ಲ. ಮೊದಲೇ ಇರುವವುಗಳಲ್ಲಿ ತನಗೆ ಹೊಂದುವುದನ್ನು ಎಚ್ಚರಿಸುತ್ತದೆ. ಆ ಕೋಶವು ಸಾಮಾನ್ಯವಾಗಿ ಟಿ-ಜೀವಕೋಶಗಳ ನೆರವಿನಿಂದ ವೃದ್ಧಿಹೊಂದುವುದು. ಅದರ ಸಂತತಿಯಲ್ಲಿ ಕೆಲವು ಪ್ರತಿಕಾಯಗಳನ್ನು ಸ್ರವಿಸುವುವು. ಅವುಗಳಲ್ಲಿಯೂ ಕೆಲವು ಮಜ್ಜೆಯಲ್ಲಿ ನೆಲೆಸಿ ಬಹುಕಾಲ ಆ ಕಾರ್ಯವನ್ನು ಬಿಡವು. ಉಳಿದ ಕೆಲವು ಸ್ಮೃತಿಕೋಶಗಳಾಗಿ ಕಾದಿರುವುವು.

ಅನುಭವದಿಂದ ಸಂಸ್ಕಾರವೂ, ಉದ್ಬೋಧಕವು ಒದಗಿದಾಗ ಆ ಸಂಸ್ಕಾರದಿಂದ ಸ್ಮೃತಿಯೂ ಹುಟ್ಟುವುವೆಂದು ತಾರ್ಕಿಕರು ಹೇಳುತ್ತಾರೆ. ಇಲ್ಲಿಯೂ ಪ್ರಥಮ ರೋಗವು ಅನುಭವದಂತೆ, ಉಳಿದ ಕೋಶವು ಸಂಸ್ಕಾರದಂತೆ, ರೋಗಾಣುವಿನ ಪುನರಾಗಮನವು ಉದ್ಬೋಧಕದಂತೆ ಇರುವುವು. ಮೊದಲ ಸಲ ಒಂದೆರಡು ವಾರ ಹಿಡಿಯುವ ಪ್ರತಿಕಾಯೋತ್ಪತ್ತಿಯು ಎರಡನೆಯ ಸಲ ಕೆಲವೇ ದಿನಗಳಲ್ಲಿ ನಡೆಯುತ್ತದೆ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಬದುಕುಳಿದವರ ರಕ್ತದಲ್ಲಿ ಅಂಥ ಬಿ-ಕೋಶಗಳು ಸುಮಾರು 90 ವರ್ಷಗಳ ಅನಂತರವೂ ಇದ್ದುವೆಂದು 2008ರಲ್ಲಿ ಪ್ರಕಟವಾದ ಶೋಧನೆಯು ತಿಳಿಸಿತು.

ರೋಗಾಣುವಿನ ಆಕಾರವು ಮಾರ್ಪಟ್ಟರೆ ಈ ಸ್ಮೃತಿಯು ಪೂರ್ಣಫಲವನ್ನು ಕೊಡದು. ಇನ್‌ಫ್ಲುಯೆಂಜಾ ಮತ್ತೆ ಮತ್ತೆ ಬರುವುದಕ್ಕೆ ಇದೇ ಮುಖ್ಯ ಕಾರಣ. ದಡಾರದ ರೋಗಾಣುವು ಹಾಗೆ ಮಾರ್ಪಡುವುದಿಲ್ಲ. ಆದುದರಿಂದಲೇ ಫಾರೋ ದ್ವೀಪಗಳ ವೃದ್ಧರು ಎಳೆಯ ವಯಸ್ಸಿನಲ್ಲಿ ಪ್ರಾಣಾಪಾಯವನ್ನು ದಾಟಿ ಪಡೆದ ಸಂಸ್ಕಾರವನ್ನು, ಇಂದು ಲಸಿಕೆಯು ಆ ವ್ಯಾಧಿಯ ಕ್ಲೇಶವಿಲ್ಲದೆ ಶಿಶುವಿಗೆ ಕೊಡಬಲ್ಲುದು.