ಹೊಟ್ಟೆಯುಬ್ಬರವೂ ಅಡಿಗೆಯ ಮನೆಯೂ

ಧನುರ್ಮಾಸವು ಕಾಲಿಟ್ಟಿತೆಂದರೆ ನಮ್ಮ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಅವರೆಕಾಯಿಯ ಸೊಗಡು ತುಂಬುವುದು. ಬೆಳಗ್ಗೆ ಅವರೆಕಾಳಿನ ಉಪ್ಪಿಟ್ಟು, ಮಧ್ಯಾಹ್ನ ಹಿತಕಿದ ಬೇಳೆಯ ಸಾರು, ರಾತ್ರಿ ಉಳಿದ ಕಾಳಿನ ಪಲ್ಯ. ನಾಲಗೆಗೆ ಇದು ಹಬ್ಬವೇ ಸರಿ; ಹೊಟ್ಟೆಯ ಪಾಡನ್ನು ಮಾತ್ರ ನನ್ನಂತಹ ಅರುವತ್ತರವರನ್ನು ಕೇಳಬೇಕು. ಮಧ್ಯಾಹ್ನ ಉಂಡುದು ಸಾಯಂಕಾಲದ ಹೊತ್ತಿಗೆ ಉದರವನ್ನು ನಗಾರಿಯಂತೆ ಬಿಗಿದು, ಪಂಚೆಯ ಗಂಟನ್ನು ಸಡಿಲಿಸುವಂತೆ ಮಾಡುವುದು. ಆಯುರ್ವೇದದಲ್ಲಿ ಇದಕ್ಕೆ ಆಧ್ಮಾನವೆಂದು ಹೆಸರು.

ಇದರ ಕಾರಣವನ್ನು ಈಗಿನ ಶಾಸ್ತ್ರಜ್ಞರು ಸ್ಪಷ್ಟವಾಗಿ ತಿಳಿಸಿದ್ದಾರೆ. ಅವರೆ, ಕಡಲೆ, ಅಲಸಂದೆ ಮೊದಲಾದ ಕಾಳುಗಳಲ್ಲಿ ರಾಫಿನೋಸ್ ಎಂಬ ಜಾತಿಯ ಸಕ್ಕರೆಗಳುಂಟು. ಇವನ್ನು ಒಡೆಯತಕ್ಕ ಕಿಣ್ವವು ನಮ್ಮ ಸಣ್ಣಕರುಳಿನಲ್ಲಿಲ್ಲ. ಆದಕಾರಣ ಇವು ಹಾಗೆಯೇ ದೊಡ್ಡಕರುಳನ್ನು ಸೇರಿ, ಅಲ್ಲಿಯ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಜಲಜನಕ ಮುಂತಾದ ಅನಿಲಗಳು ಹುಟ್ಟುತ್ತವೆ. ನಮ್ಮ ತಾಯಿಯವರಿಗೆ ಈ ಹೆಸರುಗಳೊಂದೂ ತಿಳಿಯದು. ಆದರೂ ಒಣಕಾಳನ್ನು ರಾತ್ರಿಯೆಲ್ಲ ನೆನೆಯಿಟ್ಟು, ಬೆಳಗ್ಗೆ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೆರಳಿಗೆ ಮಿದುವಾಗುವವರೆಗೆ ಬೇಯಿಸುತ್ತಿದ್ದರು. ನೆನೆಸಿದ ನೀರಿನೊಡನೆ ಆ ಸಕ್ಕರೆಗಳ ಒಂದು ಭಾಗವೂ ಹೊರಟುಹೋಗುವುದು. ನೀರಿನಲ್ಲಿ ಸತ್ತ್ವವಿದೆಯೆಂದು ಅದರಲ್ಲಿಯೇ ಬೇಯಿಸುವ ಗೃಹಿಣಿಯರೂ ಉಂಟು. ಸ್ವಲ್ಪ ಸತ್ತ್ವವಿರುವುದು ನಿಜವೇ. ಉಬ್ಬರಪಡುವವರಿರುವ ಮನೆಯಲ್ಲಿ ಆ ಲೋಭ ಬೇಡ. ಮೊಳಕೆ ಬರಿಸಿದರೂ ಈ ದೋಷವು ತಗ್ಗುವುದು.

ಒಗ್ಗರಣೆಯ ಇಂಗಿನ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಇದು ಇರಾನ್, ಆಫ್ಘಾನಿಸ್ತಾನಗಳ ಒಣನೆಲದಲ್ಲಿ ಬೆಳೆಯುವ ಗಿಡದ ಬೇರಿನಿಂದ ಸೋರುವ ಅಂಟು. ಶತಮಾನಗಳಿಂದ ನಾವು ತಿನ್ನುತ್ತಿದ್ದರೂ ನಮ್ಮ ದೇಶದಲ್ಲಿ ಬೆಳೆಸುವ ಸಲುವಾಗಿ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟುದು 2020ನೆಯ ಅಕ್ಟೋಬರಿನಲ್ಲಿ! ಹಿಂಗ್ವಷ್ಟಕ ಚೂರ್ಣದಲ್ಲಿ ಇಂಗಿನೊಡನೆ ಶುಂಠಿ, ಮೆಣಸು, ಹಿಪ್ಪಲಿ, ಓಮದ ಜಾತಿಯ ಅಜಮೋದ, ಎರಡು ಬಗೆಯ ಜೀರಿಗೆ, ಸೈಂಧವಲವಣ ಸೇರುತ್ತವೆ. ಇದನ್ನು ತುಪ್ಪದಲ್ಲಿ ಕಲಸಿ ಮೊದಲನೆಯ ತುತ್ತಿನೊಡನೆ ಉಣ್ಣುವುದು ಪದ್ಧತಿ. ಅಂಗಡಿಯ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರುವುದು ಸಾಮಾನ್ಯವಾದುದರಿಂದ, ಗೋಧಿ ಒಗ್ಗದವರು ಡಬ್ಬಿಯ ಮೇಲಿನ ಬರೆಹವನ್ನು ಓದಿ ಕೊಳ್ಳತಕ್ಕದ್ದು. ಇನ್ನು ಜೀರಕವೆಂಬ ಶಬ್ದವೂ ಜೀರ್ಣವೆಂಬ ಶಬ್ದವೂ ಒಂದೇ ಧಾತುವಿನಿಂದ ಹುಟ್ಟಿದವು. ಪಾಠ ಹೇಳಿದ ಚಾಳಿ, ವಾಚಕರು ಮನ್ನಿಸಬೇಕು.

ಅರ್ಧ ಚಮಚ ಓಮವನ್ನು ಒಂದು ಲೋಟ ನೀರಿನಲ್ಲಿ ಅರ್ಧಕ್ಕಿಳಿಯುವಂತೆ ಕುದಿಸಿ, ಶೋಧಿಸಿ, ಬೆಚ್ಚಗೆ ಕುಡಿದರೆ ಅನೇಕರಿಗೆ ಹಗುರವೆನಿಸುವುದು. ಊಟದ ಮೇಲೆ ಮಲಗದೆ ಅಂಗಳದಲ್ಲಿ ಕಾಲು ಗಂಟೆ ತಿರುಗಾಡುವುದು ಇದಕ್ಕಿಂತಲೂ ಮೇಲು.

ಕೆಲವರಿಗೆ ಕಾಳಿನ ದೋಷವಲ್ಲ, ಹಾಲಿನದು. ನಾನೇ ಅಂಥವನು. ಬಾಲ್ಯ ಕಳೆದಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿಯು ನಮ್ಮಲ್ಲಿ ಬಹುಮಂದಿಗೆ ಕುಂದುವುದು. ರಾತ್ರಿಯ ಹಾಲನ್ನು ಹದಿನೈದು ದಿನ ಬಿಟ್ಟು ನೋಡಿದೆ, ಉಬ್ಬರವೂ ಬಿಟ್ಟಿತು. ಹೆಪ್ಪುಗಟ್ಟುವಾಗ ಆ ಸಕ್ಕರೆಯ ಒಂದಂಶವು ಹುಳಿಯಾಗಿ ಮಾರ್ಪಡುವುದರಿಂದ ಮಜ್ಜಿಗೆಯು ನನಗೆ ಬಾಧಕವಾಗಲಿಲ್ಲ.

ಇಷ್ಟನ್ನು ಬಲ್ಲೆನೆಂಬ ಹೆಮ್ಮೆಯೇ ನನಗೆ ಮುಳುವಾಯಿತು. ಎರಡು ವರ್ಷಗಳ ಕೆಳಗೆ, ಅವರೆಯ ಕಾಲವಲ್ಲದ ವೈಶಾಖದಲ್ಲಿ, ನಮ್ಮ ಅಕ್ಕನವರಿಗೆ ಹೊಟ್ಟೆಯುಬ್ಬರ ಹತ್ತಿತು. ನಾಲ್ಕು ತುತ್ತಿಗೇ ಸಾಕೆನ್ನುವರು. ರಾತ್ರಿ ಪದೇಪದೇ ಏಳುವರು. ನಾನು ವಾತವೆಂದು ನಿಶ್ಚಯಿಸಿ ಎರಡು ತಿಂಗಳು ಓಮದ ಕಷಾಯ ಕುಡಿಸಿದೆ. ಕುಡಿದ ಗಳಿಗೆಯಲ್ಲಿ ತೇಗು ಬರುವುದು, ನನ್ನ ವೈದ್ಯದಲ್ಲಿ ನನಗೆ ನಂಬಿಕೆ ಬಲಿಯುವುದು. ಕಡೆಗೆ ಅವರ ಸೊಸೆ ನನ್ನ ಮಾತನ್ನು ಮೀರಿ ವೈದ್ಯರಲ್ಲಿಗೆ ಕರೆದೊಯ್ದಳು. ಸ್ಕ್ಯಾನ್ ಮಾಡಿಸಲಾಗಿ ಅಂಡಾಶಯದಲ್ಲಿ ಗೆಡ್ಡೆ. “ಮೊದಲೇ ಏಕೆ ಬರಲಿಲ್ಲ?” ಎಂದು ವೈದ್ಯರು ಕೇಳಿದಾಗ ಅಕ್ಕನವರು ನನ್ನ ಮುಖವನ್ನು ನೋಡಲಿಲ್ಲ. ನೋಡಿದ್ದರೆ ವಾಸಿಯಾಗಿತ್ತು. ಶಸ್ತ್ರಚಿಕಿತ್ಸೆಯಾಯಿತು, ದೈವಕೃಪೆಯಿಂದ ಬದುಕಿಕೊಂಡರು.

ಐವತ್ತು ದಾಟಿದ ಸ್ತ್ರೀಯರಲ್ಲಿ ಹೊಸದಾಗಿ ತೊಡಗಿದ ಉಬ್ಬರವು ಎರಡು ಮೂರು ವಾರ ಬಿಡದಿದ್ದರೆ ಕಷಾಯವನ್ನು ನೆಚ್ಚಿ ಕೂಡಬಾರದು. ಯಾರಿಗೇ ಆಗಲಿ, ಮೈ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ವೈದ್ಯರನ್ನು ಕಾಣತಕ್ಕದ್ದು. ಹೊಟ್ಟೆ ಬಿಗಿದು, ವಾಂತಿಯಾಗಿ, ಮಲವೂ ವಾಯುವೂ ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಈ ಧನುರ್ಮಾಸದಲ್ಲಿ ಅಕ್ಕನವರು ನಮ್ಮಲ್ಲಿಗೆ ಬಂದು, ಹಜಾರದಲ್ಲಿ ಕುಳಿತು ಅವರೆ ಹಿತಕಿದರು. ಉಣ್ಣುವಾಗ ಒಂದು ಸೌಟು ಸಾರನ್ನು ಮಾತ್ರ ಬಡಿಸಿಕೊಂಡರು. ನಾನು ಓಮದ ಲೋಟವನ್ನು ಮುಂದಿಟ್ಟೆ. “ಅಲ್ಲಿರಲಪ್ಪ, ನನ್ನ ಸೊಸೆಯನ್ನು ಕೇಳಿ ಕುಡಿಯುತ್ತೇನೆ” ಎಂದರು.